ಜೀವವೈವಿಧ್ಯದ ಹಬ್ಬ: ಭಾಷಣ ಕಡಿಮೆ ಮಾಡಿ, ಹುಳ ತೋರಿಸಿ

ವಿಜ್ಞಾನದ ಹಬ್ಬ ಅಂದ ಕೂಡಲೇ ನಮಗೆ ವೇದಿಕೆ, ಬ್ಯಾನರ್, ಮೈಕು ನೆನಪಾಗುತ್ತವೆ. ಒಬ್ಬರ ಹಿಂದೆ ಒಬ್ಬರು ಪರಿಸರದ ಬಗ್ಗೆ ಮಾತಾಡುತ್ತಾರೆ. ಪಕ್ಕದ ಗಿಡದಲ್ಲಿ ಎಲೆ ತಿನ್ನುತ್ತಿರುವ ಕಂಬಳಿಹುಳವನ್ನು ಮಾತ್ರ ಯಾರೂ ನೋಡುವುದಿಲ್ಲ.

ಇದನ್ನು ತಿರುವುಮುರುವು ಮಾಡುವ ಒಂದು ದಾರಿ ಇದೆ. ಒಂದು ಜಾಗ, ಒಂದು ದಿನ ಗೊತ್ತು ಮಾಡಿಕೊಂಡು ಅಲ್ಲಿರುವ ಜೀವಿಗಳನ್ನು ಆದಷ್ಟೂ ಹುಡುಕಿ ಪಟ್ಟಿ ಮಾಡುವುದು. ಇದಕ್ಕೆ ಬಯೋಬ್ಲಿಟ್ಜ್ ಅಂತ ಹೆಸರು. ಈ ಹೆಸರಿನ ಮೊದಲ ಕಾರ್ಯಕ್ರಮ 1996ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಕೆನಿಲ್‌ವರ್ತ್ ಉದ್ಯಾನದಲ್ಲಿ ನಡೆಯಿತು. ಸುಮಾರು ಒಂದು ಸಾವಿರ ಪ್ರಭೇದಗಳು ಸಿಕ್ಕವು. ನೆನಪಿರಲಿ, ಅದು ದಟ್ಟ ಕಾಡಲ್ಲ, ಊರೊಳಗಿನ ಪಾರ್ಕು.

ಜಾಗ ಚಿಕ್ಕದಿರಲಿ

ಶಾಲೆಯ ಹಿತ್ತಲು ಅಥವಾ ಪಾರ್ಕಿನ ಒಂದು ಮೂಲೆ ಧಾರಾಳ ಸಾಕು. ವಿಸ್ತಾರಕ್ಕಿಂತ ವೈವಿಧ್ಯ ಮುಖ್ಯ. ಒಂದು ದೊಡ್ಡ ಮರ, ಕಳೆ ಬೆಳೆದ ಒಂದು ಮೂಲೆ, ಪಾಚಿ ಹಿಡಿದ ಗೋಡೆ, ನೀರು ನಿಲ್ಲುವ ತಗ್ಗು ಇವಿಷ್ಟೂ ಒಂದೇ ಕಡೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಜಾಗದವರ ಅನುಮತಿಯನ್ನು ಬರಹದಲ್ಲೇ ಪಡೆಯಿರಿ.

ಇನ್ನೊಂದು ಮಾತನ್ನು ಎರಡೆರಡು ಸಲ ಹೇಳಿಡಿ: ಹಬ್ಬಕ್ಕೆ ಹದಿನೈದು ದಿನ ಮುಂಚಿನಿಂದ ಅಲ್ಲಿ ಗುಡಿಸುವುದು ಬೇಡ. ಜನ ಬರುತ್ತಾರೆ ಅಂತ ಯಾರಾದರೂ ತರಗೆಲೆ ಬಳಿದು, ಕಳೆ ಕಿತ್ತು ಚೊಕ್ಕ ಮಾಡಿಬಿಟ್ಟರೆ ಅರ್ಧ ಹಬ್ಬ ಕಸದ ಗಾಡಿ ಹತ್ತಿತು ಅಂತಲೇ ಲೆಕ್ಕ.

ಮೇ 22 ಅಂತಾರಾಷ್ಟ್ರೀಯ ಜೀವವೈವಿಧ್ಯ ದಿನ. ಜುಲೈ ಕೊನೆಯ ಹೊತ್ತಿಗೆ ಹಲವು ದೇಶಗಳಲ್ಲಿ ಪತಂಗ ಸಪ್ತಾಹ ನಡೆಯುತ್ತದೆ. ಫೆಬ್ರವರಿಯಲ್ಲಿ ಹಿತ್ತಲ ಹಕ್ಕಿಗಳ ಎಣಿಕೆ ಇರುತ್ತದೆ. ಇವುಗಳ ಜೊತೆ ಹೊಂದಿಸಿಕೊಂಡರೆ ಪ್ರಚಾರ ಸುಲಭ. ಆದರೆ ಕ್ಯಾಲೆಂಡರಿಗಿಂತ ಹವಾಮಾನ ದೊಡ್ಡದು. ಮಳೆ ಬಿದ್ದು ಹಸಿರು ಚಿಗುರಿದ ದಿನಗಳಲ್ಲಿ ಸಿಗುವಷ್ಟು ಜೀವಿಗಳು ಒಣ ಬಿಸಿಲಲ್ಲಿ ಸಿಗುವುದಿಲ್ಲ.

ಜನ, ಸಾಮಾನು

ಐದಾರು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲಿ. ಪ್ರತಿ ತಂಡಕ್ಕೂ ಎರಡು ಭೂತಗನ್ನಡಿ, ಒಂದು ಬಿಳಿ ಟ್ರೇ, ಮೆತ್ತನೆಯ ಬ್ರಷ್, ಅಳತೆಪಟ್ಟಿ, ಪೆನ್ಸಿಲು, ಕಾಗದ ಕೊಡಿ. ಪೆನ್ನು ಬೇಡ, ಹನಿ ಮಳೆ ಬಂದರೂ ಬರೆದದ್ದೆಲ್ಲ ಕಲಸಿಹೋಗುತ್ತದೆ. ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯ ಡಬ್ಬಿ ಇದ್ದೇ ಇರಬೇಕು.

ಗಿಡ ಬಲ್ಲವರು, ಹಕ್ಕಿ ಬಲ್ಲವರು, ಜೇಡ ಬಲ್ಲವರು ಇದ್ದರೆ ಖಂಡಿತ ಕರೆಯಿರಿ. ಆದರೆ ಅವರ ಕೈಗೆ ಮೈಕು ಕೊಡಬೇಡಿ, ಭೂತಗನ್ನಡಿ ಕೊಡಿ. ಮಕ್ಕಳ ಪಕ್ಕದಲ್ಲಿ ಮಂಡಿಯೂರಿ ಕೂತು ನೋಡುವ ತಜ್ಞರು ಒಬ್ಬರಿದ್ದರೂ ಸಾಕು.

ಒಂದು ಮೀಟರಿನ ಚೌಕ

"ಹೋಗಿ, ಸುತ್ತಾಡಿ, ಏನಾದರೂ ಹುಡುಕಿ" ಅಂದರೆ ಮಕ್ಕಳು ಚಿಟ್ಟೆ ಹಿಂದೆ ಓಡುತ್ತಾರೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೇಜಾರು ಶುರು. ಅದರ ಬದಲು ಹಗ್ಗದಿಂದ ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಹಾಕಿ. ತಂಡಕ್ಕೆ ಒಂದು ಚೌಕ, ಮುಕ್ಕಾಲು ಗಂಟೆ ಸಮಯ. ಅದರಾಚೆ ಕಣ್ಣು ಹಾಯಿಸುವಂತಿಲ್ಲ. ಜಾಗ ಕಡಿಮೆಯಾದಷ್ಟೂ ಮಕ್ಕಳು ನೋಡುವುದು ಜಾಸ್ತಿ.

ಚೌಕದೊಳಗಿನ ತರಗೆಲೆಯನ್ನು ಒಂದೊಂದು ಹಿಡಿಯಾಗಿ ಬಿಳಿ ಟ್ರೇಗೆ ಹಾಕಿ. ಬರಿಗೈ ತೂರಿಸುವುದು ಬೇಡ, ಕೈಗವಸು ಹಾಕಿಕೊಳ್ಳಿ ಅಥವಾ ಚಿಕ್ಕ ಸಲಿಕೆ ಬಳಸಿ. ಮೊದಲ ಅರ್ಧ ನಿಮಿಷ ಟ್ರೇನಲ್ಲಿ ಏನೂ ಕಾಣುವುದಿಲ್ಲ. ಸುಮ್ನೆ ಕಾಯಬೇಕು. ಆಮೇಲೆ ಒಂದು ಚುಕ್ಕಿ ಅಲುಗುತ್ತದೆ, ಇನ್ನೊಂದು ಚುಕ್ಕಿ ಟಪ್ಪೆಂದು ಹಾರುತ್ತದೆ. ಹಾರಿದ್ದು ಬಹುಶಃ ಸ್ಪ್ರಿಂಗ್‌ಟೇಲ್. ಕೆಲವೇ ಮಿಲಿಮೀಟರ್ ಉದ್ದದ ಈ ಜೀವಿ ಹೊಟ್ಟೆಯಡಿ ಮಡಚಿಟ್ಟ ಕವಲು ಬಾಲವನ್ನು ನೆಲಕ್ಕೆ ಬಡಿದು ಮೇಲಕ್ಕೆ ಚಿಮ್ಮುತ್ತದೆ. ರೆಕ್ಕೆಯೇ ಇಲ್ಲ.

ಹೆಸರು ಗೊತ್ತಿಲ್ಲದಿದ್ದರೆ ಕಾಲು ಎಣಿಸಿ. ಬಲಿತ ಕೀಟಕ್ಕೆ ಆರು, ಜೇಡಕ್ಕೆ ಎಂಟು. ಮುಟ್ಟಿದರೆ ಉಂಡೆಯಾಗುವ ಪಿಲ್‌ಬಗ್‌ಗೆ ಹದಿನಾಲ್ಕು. ಅದು ಕೀಟವೇ ಅಲ್ಲ, ಏಡಿಯ ನೆಂಟ! ಮೈಯ ಒಂದೊಂದು ಖಂಡಕ್ಕೆ ಒಂದು ಜೊತೆ ಕಾಲಿದ್ದರೆ ಜರಿ, ಹೆಚ್ಚಿನ ಖಂಡಗಳಲ್ಲಿ ಎರಡೆರಡು ಜೊತೆ ಇದ್ದರೆ ಸಹಸ್ರಪದಿ. ಸ್ಪ್ರಿಂಗ್‌ಟೇಲ್ ಮಾತ್ರ ಇಲ್ಲೂ ತುಂಟ: ಆರೇ ಕಾಲಿದ್ದರೂ ವಿಜ್ಞಾನಿಗಳು ಅದನ್ನು ಕೀಟಗಳಿಂದ ಬೇರೆ ಇಟ್ಟಿದ್ದಾರೆ. ಎಂಟು ವರ್ಷದ ಮಗುವೂ ಇಷ್ಟು ವಿಂಗಡಣೆಯನ್ನು ತಾನೇ ಮಾಡುತ್ತದೆ. ಕೆಲಸ ಮುಗಿದ ಮೇಲೆ ಎಲೆ, ಕಲ್ಲು, ಹುಳ ಎಲ್ಲವೂ ತಂತಮ್ಮ ಜಾಗಕ್ಕೆ ವಾಪಸ್.

ಸೂಕ್ಷ್ಮದರ್ಶಕ ಇದ್ದರೆ ಇನ್ನೊಂದು ಆಟ ಇದೆ. ಗೋಡೆಯ ಪಾಚಿಯನ್ನು (ಮಾಸ್) ಹಿಂದಿನ ರಾತ್ರಿಯೇ ಶುದ್ಧ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಂಡಿ, ಆ ನೀರನ್ನು 40 ಪಟ್ಟು ಹಿಗ್ಗಿಸಿ ನೋಡಿ. ಅದೃಷ್ಟವಿದ್ದರೆ ನೀರುಕರಡಿ (ಟಾರ್ಡಿಗ್ರೇಡ್) ಎಂಬ ಪುಟ್ಟ ಜೀವಿ ಸಿಗುತ್ತದೆ. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಎಂಟು ಮೋಟುಕಾಲು ಹಾಕಿಕೊಂಡು ಪುಟ್ಟ ಮಗು ಅಂಬೆಗಾಲಿಟ್ಟ ಹಾಗೆ ನಡೆಯುತ್ತದೆ. 2007ರಲ್ಲಿ ಇವುಗಳನ್ನು ಬಾಹ್ಯಾಕಾಶಕ್ಕೆ ಒಯ್ದು, ಗಾಳಿಯಿಲ್ಲದ ಕಡೆ ಹೊರಗಿಟ್ಟಿದ್ದರು. ಕೆಲವು ಬದುಕಿ ಬಂದವು. ಈ ಕಥೆಯನ್ನು ಮಗುವಿನ ಕಣ್ಣು ಮಸೂರಕ್ಕೆ ಅಂಟಿಕೊಂಡಿರುವಾಗಲೇ ಹೇಳಬೇಕು.

ಫೋಟೊ, ದಾಖಲೆ

ಕಂಡದ್ದನ್ನು ದಾಖಲಿಸಲು ಐನ್ಯಾಚುರಲಿಸ್ಟ್ ಎಂಬ ಆ್ಯಪ್ ಚೆನ್ನಾಗಿದೆ. ಫೋಟೊ, ದಿನಾಂಕ, ಜಾಗ ಹಾಕಿದರೆ ಬೇರೆ ಬಳಕೆದಾರರು ಗುರುತಿಸಲು ನೆರವಾಗುತ್ತಾರೆ. 13 ವರ್ಷ ತುಂಬದ ಮಕ್ಕಳು ತಾವೇ ಖಾತೆ ತೆರೆಯುವಂತಿಲ್ಲ, ಹಾಗಾಗಿ ಶಿಕ್ಷಕರ ಅಥವಾ ಪೋಷಕರ ಖಾತೆ ಬಳಸಿ. ಅದೇ ಬಳಗದ ಸೀಕ್ ಆ್ಯಪ್‌ಗೆ ಖಾತೆಯೇ ಬೇಡ, ಚಿಕ್ಕವರಿಗೆ ಅದೇ ಸರಿ.

ಒಂದೇ ಫೋಟೊ ಸಾಲದು. ಗಿಡವಾದರೆ ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಹಿಂಭಾಗ, ಹೂವು ಅಥವಾ ಕಾಯಿ. ಹುಳವಾದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಅಳತೆಪಟ್ಟಿ ಇಟ್ಟು ಒಂದು. ಕುಂಡದಲ್ಲಿ ನೆಟ್ಟ ಗಿಡ ಸೇರಿಸಿದರೆ ಅದು ಬೆಳೆಸಿದ್ದು ಅಂತ ಗುರುತು ಹಾಕಿ. ಹಕ್ಕಿಗೂಡು, ಅಪರೂಪದ ಪ್ರಾಣಿ, ಆರ್ಕಿಡ್ ಕಂಡರೆ ಜಾಗವನ್ನು ಮಸುಕು ಮಾಡುವ ಆಯ್ಕೆ ಬಳಸಿ. ನಿಖರವಾದ ಜಾಗ ಗೊತ್ತಾದರೆ ಕದಿಯುವವರೂ ಬರುತ್ತಾರೆ.

ಎಲ್ಲರಿಗೂ ಕಾಣುವ ಕಡೆ ದೊಡ್ಡ ಬೋರ್ಡ್ ಇಟ್ಟು, ಪ್ರಭೇದಗಳ ಸಂಖ್ಯೆಯನ್ನು ಆಗಾಗ ಅಳಿಸಿ ಹೊಸದಾಗಿ ಬರೆಯುತ್ತಿರಿ. ಅದರಲ್ಲಿ "ಗೊತ್ತಾಗಲಿಲ್ಲ" ಅಂತ ಒಂದು ಕಾಲಂ ಇರಲೇಬೇಕು. ಇಲ್ಲದಿದ್ದರೆ ಮಕ್ಕಳು ಊಹಿಸಿ ಹೆಸರು ಬರೆಯುತ್ತಾರೆ, ದೊಡ್ಡವರು ಅದಕ್ಕಿಂತ ಜಾಸ್ತಿ ಊಹಿಸುತ್ತಾರೆ. ಹೆಚ್ಚು ಹುಡುಕಿದವರಿಗೆ ಬಹುಮಾನ ಅಂತ ಘೋಷಿಸುವುದು ನನಗಂತೂ ಇಷ್ಟವಿಲ್ಲ. ಓಟ ಶುರುವಾದರೆ ನೋಟ ನಿಂತುಹೋಗುತ್ತದೆ.

ರಾತ್ರಿಗೆ ಬಿಳಿ ಬಟ್ಟೆ

ಕುಟುಂಬದವರೆಲ್ಲ ಸೇರುವುದು ಸಂಜೆ, ಅಲ್ವಾ? ಪತಂಗ ನೋಡುವುದಕ್ಕೂ ಅದೇ ಹೊತ್ತು. ಎರಡು ಕಂಬಗಳ ನಡುವೆ ಬಿಳಿ ಹತ್ತಿ ಬಟ್ಟೆ ಬಿಗಿಯಾಗಿ ಕಟ್ಟಿ, ಅದರ ತುದಿಯನ್ನು ನೆಲದ ಮೇಲೂ ಹಾಸಿ, ಬಿದ್ದ ಪತಂಗ ಕಾಲಡಿಗೆ ಸಿಗದಂತೆ ಸುತ್ತ ಹಗ್ಗ ಕಟ್ಟಿ. ಮುಂದೆ ಯುವಿ (ನೇರಳಾತೀತ) ದೀಪ ತೂಗಿಹಾಕಿ. ದೀಪವನ್ನು ನೇರವಾಗಿ ದಿಟ್ಟಿಸಬಾರದು, ಇದನ್ನು ಮೊದಲೇ ಹೇಳಿ. ಗಾಳಿಯಿಲ್ಲದ, ಸೆಕೆಯ, ಮೋಡ ಕವಿದ ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಸಿಕ್ಕರೆ ಬಟ್ಟೆ ತುಂಬುತ್ತದೆ.

ಹುಳಗಳು ದೀಪಕ್ಕೆ ಯಾಕೆ ಬರುತ್ತವೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅತಿವೇಗದ ಕ್ಯಾಮೆರಾಗಳಿಂದ ಇದನ್ನು ಚಿತ್ರಿಸಿದ್ದಾರೆ. ಹಾರುವ ಕೀಟಗಳು ಬೆನ್ನನ್ನು ಬೆಳಕಿನ ಕಡೆ ತಿರುಗಿಸಿಕೊಳ್ಳುತ್ತವೆ. ಆಕಾಶವೊಂದೇ ಬೆಳಕಾಗಿದ್ದಾಗ ಮೇಲು ಯಾವುದು, ಕೆಳಗು ಯಾವುದು ಅಂತ ತಿಳಿಯಲು ಈ ಉಪಾಯ ಸರಿಯಾಗಿತ್ತು. ಹತ್ತಿರದ ದೀಪದ ಎದುರು ಅದೇ ಉಪಾಯ ಕೈಕೊಡುತ್ತದೆ, ಹುಳ ಅಲ್ಲೇ ಗಿರಕಿ ಹೊಡೆಯುತ್ತದೆ.

ಚಿಟ್ಟೆಯೋ ಪತಂಗವೋ ಅಂತ ತಿಳಿಯಲು ತಲೆಯ ಮೇಲಿನ ಮೀಸೆ ನೋಡಲು ಹೇಳಿ. ಚಿಟ್ಟೆಯ ಮೀಸೆಯ ತುದಿ ಗುಂಡಗೆ ಉಬ್ಬಿರುತ್ತದೆ. ಪತಂಗದ್ದು ಸಾಮಾನ್ಯವಾಗಿ ದಾರದಂತೆ ಅಥವಾ ಗರಿಯಂತೆ ಇರುತ್ತದೆ. ರೆಕ್ಕೆ ಮುಟ್ಟಿದರೆ ಹುರುಪೆ ಉದುರುತ್ತದೆ, ಬರೀ ನೋಡಲಿ. ಜಗತ್ತಿನಲ್ಲಿ ಹೆಸರಿಟ್ಟಿರುವ ಚಿಟ್ಟೆಗಳು ಸುಮಾರು 18,000, ಪತಂಗಗಳು ಸುಮಾರು 1,60,000. ಆದರೂ ಪೋಸ್ಟರಿನಲ್ಲಿ ಯಾವಾಗಲೂ ಚಿಟ್ಟೆಯದೇ ಚಿತ್ರ.

ಮುಗಿದ ಕೂಡಲೇ ದೀಪ ಆರಿಸಿ, ಬಟ್ಟೆಯನ್ನು ಮೆಲ್ಲಗೆ ಕೊಡವಿ. ಬೆಳಗಿನವರೆಗೆ ಬಿಟ್ಟರೆ ಹಕ್ಕಿಗಳು ಬಂದು ಎಲ್ಲವನ್ನೂ ಹೆಕ್ಕಿಬಿಡುತ್ತವೆ.

ಮರುವಾರ

ಒಂದು ವಾರ ಬಿಟ್ಟು "ಗೊತ್ತಾಗಲಿಲ್ಲ" ಕಾಲಮ್ಮನ್ನು ಮತ್ತೆ ತೆರೆಯಿರಿ. ಅಷ್ಟರಲ್ಲಿ ಕೆಲವಕ್ಕೆ ಹೆಸರು ಬಂದಿರುತ್ತದೆ, ಕೆಲವು ಹೆಸರು ಬದಲಾಗಿರುತ್ತವೆ. ಪಟ್ಟಿಯನ್ನು ತಿದ್ದಿ ಭಾಗವಹಿಸಿದ ಎಲ್ಲರಿಗೂ ಕಳಿಸಿ. ಎಷ್ಟು ಜನ ಇದ್ದರು, ಎಷ್ಟು ಗಂಟೆ ಹುಡುಕಿದರು, ಮಳೆ ಇತ್ತಾ ಬಿಸಿಲಿತ್ತಾ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ಮತ್ತೆ ಎಣಿಸಿದಾಗ ಪ್ರಭೇದ ಕಡಿಮೆಯಾಯಿತೋ, ಬರೀ ಹುಡುಕುವವರು ಕಡಿಮೆಯಾದರೋ ಅಂತ ತಿಳಿಯಲು ಈ ವಿವರಗಳು ಬೇಕಾಗುತ್ತವೆ.