ಕ್ಲೈನ್‌ಫೆಲ್ಟರ್ ಸಂದೇಹ ಬಂದಾಗ ಪರೀಕ್ಷೆಗೆ ಹೋಗುವ ಕ್ರಮ

ಹುತ್ತರಿಗೆ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ "ವಿಶೇಷ ಏನಾದರೂ ಉಂಟಾ?" ಎಂಬ ಪ್ರಶ್ನೆ ಬರುವುದು ಸೊಸೆಗೇ, ಆಸ್ಪತ್ರೆಯ ಮೆಟ್ಟಿಲನ್ನು ಮೊದಲು ಹತ್ತುವವಳೂ ಅವಳೇ. ಮದುವೆಯಾಗಿ ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಗಂಡನ ವೀರ್ಯ ಪರೀಕ್ಷೆಯೂ ಅದೇ ವಾರ ಆಗಬೇಕು, ಏಕೆಂದರೆ ಎಲ್ಲ ಪರೀಕ್ಷೆಗಳಲ್ಲಿ ಸುಲಭವಾದದ್ದು ಅದು. ಮಗು ಆಗದಿರಲು ಗಂಡಸಿನಲ್ಲಿರಬಹುದಾದ ಒಂದು ಕಾರಣ ಕ್ಲೈನ್‌ಫೆಲ್ಟರ್ ಸಿಂಡ್ರೋಮ್: ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು (ಕ್ರೋಮೋಸೋಮ್) ಹೆಚ್ಚಾಗಿದ್ದು, ವೃಷಣ ಚಿಕ್ಕದಾಗಿ ವೀರ್ಯಾಣು ಬಹಳ ಕಡಿಮೆಯಾಗುವ ತೊಂದರೆ ಇದು.

ಪರೀಕ್ಷೆಗೆ ಮುನ್ನ 2ರಿಂದ 7 ದಿನ ವೀರ್ಯಸ್ಖಲನವಾಗಿರಬಾರದು. ಮಾದರಿಯನ್ನು ಲ್ಯಾಬಿನಲ್ಲಿಯೇ ಕೊಡುವುದು ಉತ್ತಮ. ಮನೆಯಿಂದ ಒಯ್ಯಲೇಬೇಕಾದರೆ ಒಂದು ಗಂಟೆಯೊಳಗೆ ತಲುಪಬೇಕು. ಆಷಾಢದ ಮಳೆಚಳಿಯಲ್ಲಿ ಡಬ್ಬಿಯನ್ನು ಚೀಲಕ್ಕೆ ಹಾಕದೆ ಸ್ವೆಟರಿನೊಳಗೆ ಮೈಬಿಸಿ ತಾಗುವಂತೆ ಇಟ್ಟುಕೊಳ್ಳಬೇಕು. ಕಕ್ಕಬ್ಬೆಯ ತೋಟದಿಂದ ಮಡಿಕೇರಿಗೆ ಬರುವವರಿಗೆ ಆ ಒಂದು ಗಂಟೆ ಸಾಲದು.

ವೀರ್ಯಾಣು ಇಲ್ಲವೆಂದು ವರದಿ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ, ಎರಡೂ ವರದಿಗಳನ್ನು ಹಿಡಿದು ಯುರಾಲಜಿಸ್ಟ್ ಬಳಿ ಹೋಗಿ. ಅವರು ಗಾತ್ರದ ಪ್ರಕಾರ ಪೋಣಿಸಿದ ಮಣಿಸರವೊಂದನ್ನು ಪಕ್ಕದಲ್ಲಿ ಹಿಡಿದು ವೃಷಣವನ್ನು ಅಳೆಯಬಹುದು. ವಯಸ್ಕರಲ್ಲಿ 15 ಮಿಲಿಲೀಟರ್‌ಗಿಂತ ಹೆಚ್ಚಿರಬೇಕಾದ ವೃಷಣ ಕ್ಲೈನ್‌ಫೆಲ್ಟರ್ ಇದ್ದವರಲ್ಲಿ ಸಾಮಾನ್ಯವಾಗಿ 5ಕ್ಕೂ ಕಡಿಮೆ, ಮುಟ್ಟಿದರೆ ಗಟ್ಟಿ. ಇದನ್ನು ನಾಚಿಕೆಯಿಂದ ತಪ್ಪಿಸಿಕೊಂಡವರಿಗೆ ರೋಗ ಗೊತ್ತಾಗುವುದು ವರ್ಷಗಟ್ಟಲೆ ತಡವಾಗುತ್ತದೆ. ಟೆಸ್ಟೋಸ್ಟೆರಾನ್ (ಗಂಡಸಿನ ಹಾರ್ಮೋನ್), ವೃಷಣದ ಕೆಲಸವನ್ನು ನಿಯಂತ್ರಿಸುವ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನ್‌ಗಳ ರಕ್ತಪರೀಕ್ಷೆಗೆ ಬೆಳಿಗ್ಗೆ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ ಹೋಗಬೇಕು.

ರೋಗವನ್ನು ಖಚಿತಪಡಿಸುವುದು ಕ್ಯಾರಿಯೋಟೈಪ್, ಅಂದರೆ ವರ್ಣತಂತುಗಳನ್ನು ಎಣಿಸಿ ನೋಡುವ ರಕ್ತಪರೀಕ್ಷೆ. ಗಂಡಸಿನ ಜೀವಕೋಶದಲ್ಲಿ 46 ವರ್ಣತಂತುಗಳಿದ್ದು, ಅವುಗಳಲ್ಲಿ ಒಂದು ಎಕ್ಸ್, ಒಂದು ವೈ ಇರುತ್ತವೆ. ಇಲ್ಲಿ ಒಂದು ಎಕ್ಸ್ ಹೆಚ್ಚಾಗಿ 47 ಆಗಿರುತ್ತದೆ. ಹ್ಯಾರಿ ಕ್ಲೈನ್‌ಫೆಲ್ಟರ್ ಮತ್ತು ಸಂಗಡಿಗರು 1942ರಲ್ಲಿ ಲಕ್ಷಣಗಳನ್ನು ವರ್ಣಿಸಿದರೂ, ಕಾರಣ ಈ ಹೆಚ್ಚುವರಿ ಎಕ್ಸ್ ಎಂಬುದು ತಿಳಿದದ್ದು 1959ರಲ್ಲಿ. ಸುಮಾರು 500ರಿಂದ 1000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದೆ ಆಗುವ ಆಕಸ್ಮಿಕ ಇದಾದ್ದರಿಂದ ಒಕ್ಕದ (ಮನೆತನದ) ದೋಷವೆನ್ನಲು, ತಾಯಿಯನ್ನು ದೂರಲು ಯಾವ ಆಧಾರವೂ ಇಲ್ಲ. ರಕ್ತದ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕಾಗಿರುವುದರಿಂದ ವರದಿ ತಡವಾಗಿ ಬರುತ್ತದೆ. ಮಾದರಿಯನ್ನು ಎಲ್ಲಿಗೆ ಕಳುಹಿಸುತ್ತಾರೆ, ಮೈಸೂರಿಗೋ ಮಂಗಳೂರಿಗೋ ನಾವೇ ಹೋಗಬೇಕೋ ಎಂಬುದನ್ನು ಮೊದಲೇ ಕೇಳಿ, ಕಾಫಿ ಕುಯ್ಲಿನ ದಿನಗಳನ್ನು ಬಿಟ್ಟು ಸಮಯ ಗೊತ್ತುಮಾಡಿಕೊಳ್ಳಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮಕ್ಕಳು ಬೇಕೆನ್ನುವವರು ವೈದ್ಯರೊಂದಿಗೆ ಆ ವಿಷಯ ಮಾತಾಡುವ ಮೊದಲು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಳ್ಳಬಾರದು, ಏಕೆಂದರೆ ಅದು ಶಕ್ತಿ ಕೊಟ್ಟರೂ ಉಳಿದಿರಬಹುದಾದ ಅಲ್ಪಸ್ವಲ್ಪ ವೀರ್ಯಾಣು ಉತ್ಪತ್ತಿಯನ್ನೂ ತಡೆಯುತ್ತದೆ. ಸೂಕ್ಷ್ಮದರ್ಶಕದ ನೆರವಿನಿಂದ ವೃಷಣದೊಳಗೆ ಹುಡುಕುವ ಮೈಕ್ರೋ ಟೀಸೆ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ವೀರ್ಯಾಣು ಸಿಗುತ್ತದೆ. ಒಂದೊಂದು ವೀರ್ಯಾಣುವನ್ನು ಲ್ಯಾಬಿನಲ್ಲಿ ಸೂಜಿಯಿಂದ ನೇರವಾಗಿ ಅಂಡಾಣುವಿನೊಳಗೆ ಸೇರಿಸುತ್ತಾರೆ, ಇದಕ್ಕೆ ಇಕ್ಸಿ ವಿಧಾನ ಎನ್ನುತ್ತಾರೆ. ಕೃತಕ ಗರ್ಭಧಾರಣೆ ಕೇಂದ್ರಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆಯಂತೆ ನೋಂದಣಿಯಾದ ಕೇಂದ್ರವೇ ಎಂದು ವಿಚಾರಿಸಿ ಹೋಗಿ.

ಹುಡುಗರಲ್ಲಿ ಮಾತು, ಓದು ತಡವಾಗುವುದು, ಕಾಲು ಉದ್ದವಾಗಿ ಬೆಳೆಯುವುದು, ಎದೆ ಉಬ್ಬುವುದು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಹರೆಯ ಸರಿಯಾದ ಕಾಲಕ್ಕೇ ಶುರುವಾಗಿ ನಡುವೆ ನಿಂತುಹೋಗುವುದೂ ಉಂಟು.

ಮಕ್ಕಳ ವಿಷಯ ಇತ್ಯರ್ಥವಾದ ಮೇಲೂ ಮೂಳೆಯ ಸಾಂದ್ರತೆ ಮತ್ತು ಸಕ್ಕರೆಯ ಪರೀಕ್ಷೆ ಬಿಡಬಾರದು. ಎದೆಯಲ್ಲಿ ಗಂಟು ಸಿಕ್ಕರೆ ಕೂಡಲೇ ತೋರಿಸಬೇಕು. ಕ್ಯಾರಿಯೋಟೈಪ್ ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು, ಆದ್ದರಿಂದ ಮೂಲಪ್ರತಿಯನ್ನು ಮಳೆಗಾಲದ ಬೂಸ್ಟು ತಾಗದಂತೆ ಪ್ಲಾಸ್ಟಿಕ್ ಫೈಲಿನಲ್ಲಿಟ್ಟು, ಆಸ್ಪತ್ರೆಗಳಿಗೆ ಜೆರಾಕ್ಸ್ ಮಾತ್ರ ಕೊಡಿ.