ಟ್ಯಾಂಕಿನ ನೀರಿನ ಮಟ್ಟ, ಬೀಗಲ್‌ಬೋನ್ ಟೈಮರ್: ನನ್ನ ಅನುಭವ

ಬೀಗಲ್‌ಬೋನ್‌ನಂತಹ ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್ ಬೋರ್ಡ್‌ನಲ್ಲಿ ಪಲ್ಸ್ (ವೋಲ್ಟೇಜ್ ಸ್ವಲ್ಪ ಹೊತ್ತು ಏರಿ ಇಳಿಯೋದು) ಎಷ್ಟು ಹೊತ್ತು ಇತ್ತು ಅಂತ ಅಳೆಯೋದಿದ್ದರೆ, ಆ ಕೆಲಸವನ್ನು ಪ್ರೋಗ್ರಾಂಗೆ ಕೊಡಬೇಡಿ, ಪ್ರೊಸೆಸರ್ ಒಳಗಿನ ಟೈಮರ್‌ಗೆ ಬಿಡಿ. ದಾವಣಗೆರೆಯ ನಮ್ಮ ಮನೆಯಲ್ಲಿ ನಲ್ಲಿ ನೀರು ಬಂದಾಗ ಸಂಪು ತುಂಬಿಸಿ, ಆಮೇಲೆ ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸ್ತೀವಿ. ಪ್ರತಿ ಸಲ ಮಹಡಿ ಹತ್ತದೆ ಮಟ್ಟ ಗೊತ್ತಾಗಬೇಕಿತ್ತು, ಅಷ್ಟೇ.

ಟ್ಯಾಂಕಿನ ಮುಚ್ಚಳಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದೆ. ಒಳಗೆ ಸದಾ ತೇವ ಇರುತ್ತಲ್ವಾ, ಅದಕ್ಕೆ ಕಾರಿನ ಹಿಂದಿನ ಬಂಪರ್‌ನಲ್ಲಿ ಇರ್ತದಲ್ಲ ಆ ತರಹದ ಮುಚ್ಚಿದ ಸೆನ್ಸರ್. ಅದರ ಟ್ರಿಗರ್ ಕಾಲಿಗೆ (ಪಿನ್‌ಗೆ) 10 ಮೈಕ್ರೋಸೆಕೆಂಡ್ ಪಲ್ಸ್ ಕೊಟ್ಟರೆ, ಶಬ್ದ ನೀರಿಗೆ ಹೋಗಿ ವಾಪಸ್ ಬರುವಷ್ಟು ಹೊತ್ತು ಎಕೋ ಕಾಲಿನ ವೋಲ್ಟೇಜ್ ಮೇಲಿರುತ್ತದೆ. ಹೋಗಿ ಬರೋದು ಸೇರಿ, ಸೆಂಟಿಮೀಟರ್ ದೂರಕ್ಕೆ ಸುಮಾರು 58 ಮೈಕ್ರೋಸೆಕೆಂಡ್.

ಮೊದಲು ಹೋಲಿಸಿ ನೋಡೋಣ ಅಂತ ಪೈಥಾನ್ ಪ್ರೋಗ್ರಾಂನಲ್ಲೇ ಅಳೆದೆ. ನೀರು ಅಲುಗಾಡದಿದ್ದರೂ ಅಂಕಿ ಕುಣಿಯುತ್ತಿತ್ತು. ಅದರಲ್ಲಿ ಆಶ್ಚರ್ಯ ಇಲ್ಲ: ಎಡ್ಜ್ (ಪಲ್ಸ್ ಏರುವ ಅಥವಾ ಇಳಿಯುವ ಕ್ಷಣ) ಬಂದ ಹೊತ್ತಿಗೆ ಲಿನಕ್ಸ್ ಬೇರೆ ಯಾವುದೋ ಕೆಲಸದಲ್ಲಿ ಇರಬಹುದು, 300 ಮೈಕ್ರೋಸೆಕೆಂಡ್ ತಡವಾದರೂ 5 ಸೆಂಟಿಮೀಟರ್ ಹೋಯಿತು.

ನನ್ನ ಬೋರ್ಡ್ ಬೀಗಲ್‌ಬೋನ್ ಬ್ಲ್ಯಾಕ್, ಅದರ ಪ್ರೊಸೆಸರ್‌ನಲ್ಲಿ ಇಕ್ಯಾಪ್ ಅಂತ ಮೂರು ಕ್ಯಾಪ್ಚರ್ ಘಟಕಗಳಿವೆ, ಅಂದ್ರೆ ಎಡ್ಜ್ ಬಂದ ಸಮಯ ಹಿಡಿದಿಡುವ ಟೈಮರ್‌ಗಳು. ಒಂದೊಂದರಲ್ಲೂ 32 ಬಿಟ್ ಕೌಂಟರ್, 100 ಮೆಗಾಹರ್ಟ್ಸ್ ಗಡಿಯಾರ, ಅಂದ್ರೆ ಒಂದು ಎಣಿಕೆಗೆ 10 ನ್ಯಾನೋಸೆಕೆಂಡ್. ಎಡ್ಜ್ ಬಂದ ಕ್ಷಣವೇ ಕೌಂಟರ್‌ನ ಬೆಲೆ ರಿಜಿಸ್ಟರ್‌ನಲ್ಲಿ (ಅಂಕಿ ಇಟ್ಟುಕೊಳ್ಳುವ ಪುಟ್ಟ ಜಾಗ) ಕೂತುಬಿಡುತ್ತದೆ, ನಾವು ಆಮೇಲೆ ನಿಧಾನವಾಗಿ ಓದಿದರೂ ನಡೆಯುತ್ತದೆ. ಮೊದಲ ರಿಜಿಸ್ಟರ್ ರೈಸಿಂಗ್ (ಏರುವ) ಎಡ್ಜ್‌ಗೆ, ಎರಡನೆಯದು ಫಾಲಿಂಗ್ (ಇಳಿಯುವ) ಎಡ್ಜ್‌ಗೆ. ರೈಸಿಂಗ್ ಎಡ್ಜ್‌ನಲ್ಲಿ ಕೌಂಟರ್ ಸೊನ್ನೆಯಾಗುವಂತೆ ಇಟ್ಟೆ, ಹಾಗಾಗಿ ಎರಡನೇ ರಿಜಿಸ್ಟರ್ ಓದಿದರೆ ಅದೇ ಪಲ್ಸ್‌ನ ಅಗಲ, ಕಳೆಯುವ ಲೆಕ್ಕವೂ ಬೇಡ. ಈ ಜೋಡಣೆ ನನಗೆ ಬಹಳ ಇಷ್ಟವಾಯಿತು.

ತಂತಿ ಜೋಡಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಸೆನ್ಸರ್‌ಗೆ 5 ವೋಲ್ಟ್ ಕೊಟ್ಟರೆ ಎಕೋ ಕೂಡ 5 ವೋಲ್ಟೇ ಬರುತ್ತದೆ, ಬೋರ್ಡ್ ತಡೆಯೋದು 3.3 ಮಾತ್ರ. ಎಕೋ ತಂತಿಗೆ 1.8 ಕೆ (ಕಿಲೋ ಓಮ್), ಅಲ್ಲಿಂದ ಗ್ರೌಂಡ್‌ಗೆ 3.3 ಕೆ ರೆಸಿಸ್ಟರ್ ಹಾಕಿದರೆ ಸುಮಾರು 3.2 ವೋಲ್ಟ್ ಆಗುತ್ತದೆ. ಎರಡನೆಯದು, ಇಕ್ಯಾಪ್‌ನ ಪಿನ್ ಬೋರ್ಡ್‌ನ ಪಿ9 ಹೆಡರ್‌ನಲ್ಲಿ (ಪಿನ್ ಸಾಲು) 42ನೆಯದು, ಅದಕ್ಕೆ ಪ್ರೊಸೆಸರ್‌ನ ಎರಡು ಕಾಲು ಸೇರಿವೆ, ಇಕ್ಯಾಪ್ ಬಳಸುವಾಗ ಇನ್ನೊಂದು ಕಾಲು ಇನ್‌ಪುಟ್ ಆಗಿಯೇ ಇರಬೇಕು. ರಿಜಿಸ್ಟರ್ ಮುಟ್ಟಿದ ಕೂಡಲೇ ಬಸ್ ಎರರ್ ಬಂದರೆ ಆ ಘಟಕಕ್ಕೆ ಗಡಿಯಾರ ಆನ್ ಆಗಿದೆಯಾ ಅಂತ ಮೊದಲು ನೋಡಿ.

ಇಷ್ಟಾದ ಮೇಲೆ ಅಂಕಿ ಗಟ್ಟಿಯಾಗಿ ನಿಂತಿತು. ಆದರೆ ಮಧ್ಯಾಹ್ನದ ಓದು ಬೆಳಗಿನದಕ್ಕಿಂತ ಬೇರೆ! ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ, ಟ್ಯಾಂಕಿನೊಳಗಿನ ಗಾಳಿ ಕಾಯುತ್ತದೆ, ಶಬ್ದ ಬೇಗ ಓಡುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 38ರಲ್ಲಿ 354. ಆ ಬಿಸಿಲಲ್ಲಿ ಒಂದು ಮೀಟರ್ ದೂರದ ಪಲ್ಸ್‌ನ ಅಗಲವನ್ನು 58ರಿಂದ ಭಾಗಿಸಿದರೆ 97 ಸೆಂಟಿಮೀಟರ್ ಅಂತ ತೋರಿಸುತ್ತದೆ. ಟೈಮರ್ ಎಷ್ಟೇ ಚುರುಕಾಗಿದ್ದರೂ ಇದನ್ನು ಅದು ಸರಿಮಾಡೋದಿಲ್ಲ, ಅದಕ್ಕೇ ಮುಚ್ಚಳದ ಒಳಗೆ ಡಿಎಸ್18ಬಿ20 ತಾಪಮಾನ ಸೆನ್ಸರ್ ಕೂಡ ಇಟ್ಟು ವೇಗವನ್ನು ಅದರಿಂದಲೇ ಲೆಕ್ಕ ಹಾಕ್ತೀನಿ. ನಮ್ಮ ಟ್ಯಾಂಕ್ ಒಂದೂವರೆ ಮೀಟರ್ ಆಳ, ಹಾಗಾಗಿ 12 ಮಿಲಿಸೆಕೆಂಡ್‌ಗಿಂತ ಉದ್ದದ ಪಲ್ಸ್ ಬಂದರೆ ಬಿಟ್ಟುಬಿಡ್ತೀನಿ. ಉಳಿದ ಐದು ಓದುಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ತಗೋತೀನಿ.