ಕೌಂಟರಿನ ಆಚೆ ಹಾಕಿದ ಕುರ್ಚಿ

ನಾನು 1988ರಲ್ಲಿ ಶಿಡ್ಲಘಟ್ಟದ ಒಂದು ಬ್ಯಾಂಕ್ ಶಾಖೆಗೆ ಗುಮಾಸ್ತನಾಗಿ ಸೇರಿದೆ. ಚಿಕ್ಕಬಳ್ಳಾಪುರ ಆಗಿನ್ನೂ ಜಿಲ್ಲೆ ಆಗಿರಲಿಲ್ಲ, ನಮ್ಮದೆಲ್ಲ ಕೋಲಾರವೇ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ರೇಷ್ಮೆ ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ದುಡ್ಡಿಗಾಗಿ ನಿಂತಿರುತ್ತಿದ್ದರು.

ಚೀಟಿ, ಪಾಸ್‌ಬುಕ್ ತಗೊಂಡು ಹಿತ್ತಾಳೆ ಟೋಕನ್ ಕೊಡುತ್ತಿದ್ದೆ. ಲೆಡ್ಜರಿನಲ್ಲಿ ಬರೆದ ಮೇಲೆ ಆಫೀಸರ್ ಸಹಿ ತಾಳೆ ನೋಡುತ್ತಿದ್ದರು. ಆಮೇಲೆ ಕ್ಯಾಷಿಯರ್ ನಂಬರ್ ಕೂಗುತ್ತಿದ್ದರು. ಅರ್ಧ ಗಂಟೆ ಆಗುತ್ತಿತ್ತು, ಒಮ್ಮೊಮ್ಮೆ ಜಾಸ್ತಿ. ಆದರೆ ಆ ಅರ್ಧ ಗಂಟೆಯಲ್ಲೇ ನನಗೆ ಜನ ಗೊತ್ತಾದದ್ದು. ಯಾರ ಮಗಳ ಮದುವೆ, ಯಾರ ಬೋರ್‌ವೆಲ್ ಬತ್ತಿತು, ಎಲ್ಲ ಕಿವಿಗೆ ಬೀಳುತ್ತಿತ್ತು.

ಉಳಿತಾಯ ಖಾತೆಯ ಬಡ್ಡಿ ಆಗ ದಿನದ ಲೆಕ್ಕವಲ್ಲ. ತಿಂಗಳ 10ರಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ. 12ಕ್ಕೆ ಕಟ್ಟಿದ ದುಡ್ಡಿಗೆ ಆ ತಿಂಗಳು ಏನೂ ಸಿಗುತ್ತಿರಲಿಲ್ಲ. ಅದಕ್ಕೇ 8, 9ನೇ ತಾರೀಖು ಬಂದರೆ ಎದುರಿಗೆ ಕಂಡ ರೈತರಿಗೆಲ್ಲ, 'ದುಡ್ಡು ಇದ್ರೆ ನಾಳೆಯೊಳಗೆ ಕಟ್ಟಿ' ಅನ್ನುತ್ತಿದ್ದೆ. ಇದನ್ನು ಹೇಳು ಅಂತ ಯಾವ ಸುತ್ತೋಲೆಯೂ ಹೇಳಿರಲಿಲ್ಲ. ನನ್ನ ಪಾಲಿಗೆ ಗ್ರಾಹಕ ಸೇವೆ ಅಂದರೆ ಅದೇ ಆಗಿತ್ತು. 2010ರ ಏಪ್ರಿಲ್‌ನಿಂದ ದಿನದ ಬಾಕಿಯ ಮೇಲೆ ಬಡ್ಡಿ ಬಂತು. ಒಳ್ಳೆಯದೇ ಆಯಿತು.

ಕಂಪ್ಯೂಟರ್ ಬಂತು, ಎಟಿಎಂ ಬಂತು, 2016ರಲ್ಲಿ ಯುಪಿಐ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ನೋಟು ರದ್ದಾದಾಗ ಮೊದಲಿಗೆ ಒಬ್ಬರಿಗೆ 4,000 ರೂಪಾಯಿ ಮಾತ್ರ ಬದಲಿಸಿಕೊಡಬೇಕಿತ್ತು. ಬಿಸಿಲಲ್ಲಿ ನಿಂತು ಬಂದ ಅಜ್ಜಿಗೆ 'ಇಷ್ಟೇ ಅಮ್ಮ' ಅನ್ನುವುದು ಎಷ್ಟು ಕಷ್ಟ ಅನ್ನೋದು ಆ ದಿನಗಳಲ್ಲಿ ಕೌಂಟರಿನಲ್ಲಿ ಕೂತವರಿಗೇ ಗೊತ್ತು.

ಆಮೇಲೆ ಕ್ಯೂ ಕರಗಿತು. ಕೆಲಸ ಕಮ್ಮಿ ಆಯಿತು ಅಂದುಕೊಂಡೆವು. ಆಗಲಿಲ್ಲ. ಸುಲಭದ ಕೆಲಸವೆಲ್ಲ ಫೋನಿಗೆ ಹೋಯಿತು, ಸಿಕ್ಕಿಕೊಂಡ ಕೆಲಸ ಮಾತ್ರ ನಮ್ಮ ಬಳಿ ಬಂತು. ಎಟಿಎಂನಲ್ಲಿ ದುಡ್ಡು ಬರಲಿಲ್ಲ, ಖಾತೆಯಲ್ಲಿ ಕಡಿತ ಆಗಿದೆ. ಪಿಂಚಣಿ ಬಂದಿಲ್ಲ. ಯಾರೋ ಫೋನ್ ಮಾಡಿ ಓಟಿಪಿ ಕೇಳಿದರು, ಕೊಟ್ಟುಬಿಟ್ಟೆ ಸಾರ್. ಇವರನ್ನು ಗಾಜಿನ ಆಚೆ ನಿಲ್ಲಿಸಿ ಮಾತಾಡಿಸೋಕೆ ಆಗುತ್ತಾ? ಮ್ಯಾನೇಜರ್‌ಗೆ ಹೇಳಿ ಕೌಂಟರಿನ ಆಚೆ ಎರಡು ಕುರ್ಚಿ ಹಾಕಿಸಿದೆ, ಒಂದು ನನಗೆ, ಒಂದು ಅವರಿಗೆ.

ಅಲ್ಲಿ ಕೂತು ಒಂದು ನಿಯಮ ಮಾಡಿಕೊಂಡೆ. ಅವರ ಫೋನ್ ನಾನು ಮುಟ್ಟುವುದಿಲ್ಲ. 'ನೀವೇ ಒತ್ತಿ, ನಾನು ಓದಿ ಹೇಳ್ತೀನಿ.' ಪಿನ್ ಹಾಕುವಾಗ ಮುಖ ತಿರುಗಿಸುತ್ತಿದ್ದೆ. ಇದಕ್ಕೆ ಸಮಯ ಹಿಡಿಯುತ್ತಿತ್ತು. ಆದರೆ ನಾನೇ ಒತ್ತಿಕೊಟ್ಟರೆ ನಾಳೆ ಇನ್ಯಾರೋ 'ಕೊಡಿ, ನಾನು ಮಾಡಿಕೊಡ್ತೀನಿ' ಅಂದಾಗಲೂ ಕೊಟ್ಟುಬಿಡ್ತಾರೆ, ಅಲ್ವಾ?

ಎಟಿಎಂ ದುಡ್ಡು 5 ದಿನದೊಳಗೆ ವಾಪಸ್ ಬರದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಬರಬೇಕು ಅಂತ 2019ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದನ್ನು ತಾರೀಖಿನ ಸಮೇತ ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಮೋಸ ಹೋದವರಿಗೆ ಮೊದಲು ಖಾತೆ ತಡೆಹಿಡಿದು, ಅಲ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸುತ್ತಿದ್ದೆ. ಬೈಗುಳ ಬೇಡವೇ ಬೇಡ. ಬೈಸಿಕೊಂಡವರು ಮುಂದಿನ ಸಲ ನಾಚಿಕೆಗೆ ತಡವಾಗಿ ಬರ್ತಾರೆ, ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತೆ.

ಬೇರೆ ರಾಜ್ಯದಿಂದ ಬಂದ ಹೊಸ ಹುಡುಗರಿಗೆ ಒಂದು ಪುಟ ಮಾತು ಬರೆದುಕೊಟ್ಟಿದ್ದೆ. 'ಕೂತ್ಕೊಳ್ಳಿ', 'ಏನಾಯ್ತು ಹೇಳಿ', 'ದುಡ್ಡು ಎಲ್ಲೂ ಹೋಗಿಲ್ಲ'. ನಮ್ಮ ಕಡೆ ತೆಲುಗು, ಉರ್ದು ಮನೆಮಾತಿನವರೂ ಬಹಳ, ಅದಕ್ಕೆ ಪಕ್ಕದಲ್ಲಿ ಅವನ್ನೂ ಬರೆದೆ. 2024ರಲ್ಲಿ ನಾನು ನಿವೃತ್ತಿಯಾಗುವ ಹೊತ್ತಿಗೆ ಒಬ್ಬ ಹುಡುಗ ಅದನ್ನು ನೋಡದೇ ಮಾತಾಡುತ್ತಿದ್ದ. ಆ ಕುರ್ಚಿಯಲ್ಲಿ ಈಗ ಅವನು ಕೂರುತ್ತಾನೆ.